ಮೈದಾನಕ್ಕೊಂದು ಪರದೆ

ಅಲ್ಲಲ್ಲ, ಆ ಕಡೆ ಹೋಗ್ಬೇಡ ಮಾರಾಯ! ಪರದೆಯಾಚೆ ಬರೀ ಹೆಂಗಸರು. ನಿಮ್ಮಕ್ಕನೂ ಅಲ್ಲೇ ಇದ್ದಾಳೆ... ಇದ್ದಾಳೆ ಅಂದೆನಲ್ಲ! ಕೂಗಿ ಕರೆಯೋದಾ? ಬೇಡ ಕಣೋ, ಮಕ್ಕಳು ಈಗಷ್ಟೇ ಮಲಗಿವೆ. ದೂರದಿಂದ ಬಂದಿದ್ದೀಯ, ಕೂತ್ಕೋ. ಇದೊಂದು ಅಂಚು ಹೊಲಿದುಬಿಡ್ತೀನಿ.

ಯಾಕೆ ನಗ್ತೀಯಾ? ಭೂಮಿ ನಡುಗಿ ಊರೇ ನೆಲ ಕಚ್ಚಿದೆ, ಬಾವ ಬಯಲಲ್ಲಿ ಹೊಲಿಗೆ ಮಿಷನ್ ಇಟ್ಕೊಂಡು ಕೂತಿದ್ದಾನೆ ಅಂತಾನಾ? ನಗು, ನಗು.

ನಿನ್ನೆ ಮಧ್ಯಾಹ್ನ ಮೊದಲನೇ ಸಲ ನಡುಗಿತಲ್ಲ, ಆಗ ಯಾರಿಗೂ ಏನೂ ಆಗಿರ್ಲಿಲ್ಲ ಗೊತ್ತಾ? ಗೋಡೆಗಳು ಬಿರುಕು ಬಿಟ್ಟವು, ಅಷ್ಟೇ. ಸರ್ಕಾರಿ ಇಂಜಿನಿಯರು ಮೈಕ್ ಹಿಡ್ಕೊಂಡು ಬೀದಿ ಬೀದಿ ತಿರುಗಿದ್ರು. ಮತ್ತೆ ನಡುಗಬಹುದು, ಮನೆ ಬಿಟ್ಟು ಮೈದಾನಕ್ಕೆ ಬನ್ನಿ ಅಂತ. ಗಂಡಸರು ಬಂದ್ವಿ. ಮಕ್ಕಳೂ ಬಂದ್ವು. ಹೆಂಗಸರು? ಹೊಸಿಲು ದಾಟ್ಲಿಲ್ಲ! ಅಷ್ಟೊಂದು ಗಂಡಸರ ಕಣ್ಣೆದುರು ಬಯಲಲ್ಲಿ ಮಲಗೋದಾ? ಬಟ್ಟೆ ಬದಲಾಯಿಸೋದೆಲ್ಲಿ? ಹಿರಿಯರೂ ತಲೆ ಆಡಿಸಿದ್ರು. ನಮ್ಮನೆ ಹೆಣ್ಮಕ್ಕಳು ಬೀದೀಲಿ ಮಲಗಿದವರಲ್ಲ ಅಂತ.

ಹಾಗೆ ಹುಬ್ಬು ಗಂಟು ಹಾಕ್ಬೇಡ... ಕೆಟ್ಟವರಲ್ಲ ಕಣೋ ಅವರು! ನಿನ್ನೆ ಸಂಜೆಯಿಂದ ಬರಿಗೈಲಿ ಕಲ್ಲುಮಣ್ಣು ಬಗೀತಿರೋರೂ ಅವರೇ. ಉಗುರು ಕಿತ್ತು ಬಂದಿದೆ. ಯಾರ ಮನೆ, ಯಾರ ಮಗು ಅಂತ ಒಬ್ಬರೂ ಕೇಳ್ತಿಲ್ಲ. ಊರಿಗೆಲ್ಲ ಒಂದೇ ಒಲೆ ಹಚ್ಚಿದ್ದಾರೆ. ಯಾರ ಮೇಲೆ ಅಂತ ರೇಗಲಿ, ನೀನೇ ಹೇಳು?

ನಿಮ್ಮಕ್ಕನ ಹಟ ನಿನಗೆ ಗೊತ್ತಲ್ಲ... ಕೈ ಮುಗಿದೆ, ಬೈದೆ, ಕಣ್ಣೀರು ಹಾಕಿದೆ. "ಅಕ್ಕಪಕ್ಕದವರೆಲ್ಲ ಒಳಗಿರುವಾಗ ನಾನೊಬ್ಬಳೇ ಹೇಗೆ ಬರ್ಲಿ? ನೀವು ದರ್ಜಿ ಅಲ್ವಾ? ಸುತ್ತ ಪರದೆ ಹೊಲಿದು ಕಟ್ಟಿ, ಇಡೀ ಬೀದೀನ ನಾನೇ ಕರ್ಕೊಂಡು ಬರ್ತೀನಿ" ಅಂದ್ಳು. ಕೈ ಹಿಡಿದು ಎಳೆಯೋಕೆ ಹೋದೆ. ಬಾಗಿಲು ಹಾಕ್ಕೊಂಡ್ಳು!

ಓಡಿದೆ. ಅಂಗಡಿಯಿಂದ ಈ ಮಿಷನ್ ಹೊರಿಸ್ಕೊಂಡು ಬಂದೆ. ಬೆಡ್‌ಶೀಟು, ಕಿಟಕಿ ಕರ್ಟನ್ನು, ಸಿಕ್ಕಿದ್ದೆಲ್ಲ ಜೋಡಿಸಿ ತುಳಿದೆ, ತುಳಿದೆ... ದಾರ ತುಂಡಾಗೋದು, ಮತ್ತೆ ಪೋಣಿಸೋದು... ಮೂರು ಕಡೆ ಕಟ್ಟಿ ಆಗಿತ್ತು ಕಣೋ. ಇನ್ನೊಂದೇ ಒಂದು ಕಡೆ! ಇನ್ನೂ ಬೆಳಕಿತ್ತು. ಮಿಷನ್ ತಾನಾಗೇ ಅಲುಗಾಡಿತು. ನಾನು ತುಳೀತಿರ್ಲಿಲ್ಲ...

ಈಗ ನೋಡು, ಎಲ್ಲರೂ ಬಂದಿದ್ದಾರೆ. ಪರದೆ ಇದೆಯಲ್ಲ, ಯಾರಿಗೂ ಸಂಕೋಚ ಇಲ್ಲ. ಉಳಿದವರೆಲ್ಲ ಬಂದಿದ್ದಾರೆ... ಅಂದ್ರೆ, ನಾನು ಹೇಳಿದ್ದು...

ನೀರು ಕುಡೀತೀಯಾ?

ಯಾಕೆ ಹಾಗೆ ನೋಡ್ತೀಯಾ? ಬೈಯೋದಾದ್ರೂ ಬೈಯಿ! ಅಕ್ಕನ್ನ ಕರೀ ಬಾವ, ಕರೀ ಬಾವ ಅಂತ ಬಂದಾಗಿಂದ ಪೀಡಿಸ್ತಿದ್ದೆ... ಈಗ ಯಾಕೆ ಕೇಳ್ತಿಲ್ಲ?

ಹೂಂ.

ಏಳು. ನನ್ನ ಕೈ ಹಿಡ್ಕೋ. ಆ ಮೂಲೇಲಿ, ಬೇರೆಯಾಗಿ ಪರದೆ ಕಟ್ಟಿರೋದು ಇದೆಯಲ್ಲ, ಅಲ್ಲಿ... ಹೊದಿಕೆ ಪೂರ್ತಿ ಸರಿಸ್ಬೇಡಪ್ಪ. ಮುಖ ಮಾತ್ರ ನೋಡು.

ಮುಖಕ್ಕೆ ಏನೂ ಆಗಿಲ್ಲ.