ಕುದುರೆಗೆ ಸತ್ಯನಾರಾಯಣ ಪ್ರಸಾದ

ಅಧ್ಯಕ್ಷ ಪೀಠವನ್ನು ಎರಡೂ ಕಡೆ ತುಂಬಿಕೊಂಡಿರುವ ಶ್ಯಾಮಸುಂದರರೇ, ಈ ಅರಬ್ಬರ ನಾಡಿನಲ್ಲಿ ಜಹ್ರಾದಿಂದ ಮೀನಾ ಅಬ್ದುಲ್ಲಾವರೆಗಿನ ಸಮಸ್ತ ಕನ್ನಡ ಬಾಂಧವರೇ, ಊಟದ ಹಾಲ್‌ನತ್ತ ಆಗಲೇ ಮೂಗು ತಿರುಗಿಸಿರುವ ಸಭಿಕ ಮಹಾಶಯರೇ!

ಈ ಪುರಂದರನಿಗೆ ‘ಅಶ್ವಪೋಷಣಾ ರತ್ನ’ ಎಂದು ಶಾಲು ಹೊದಿಸಿದಿರಿ. ಜಹ್ರಾದ ಲಾಯದಲ್ಲಿ ಕುದುರೆಗೆ ಮೇವು ಹಾಕುವವನಿಗೆ ರತ್ನ! ಊರಿನ ನಾಟಕಗಳಲ್ಲಿ ನನ್ನದು ಯಾವಾಗಲೂ ರಾಜನ ಪಾರ್ಟು. ಆಗ ಕುದುರೆ ಇರಲಿಲ್ಲ, ಗರ್ಜನೆ ಇತ್ತು. ಈಗ ಬರ್ಕ್ ಎಂಬ ಓಟದ ಕುದುರೆ ಇದೆ; ಸವಾರಿ ಮಾತ್ರ ನನ್ನ ಅರಬ್ಬಿ ಧಣಿ, ಕಫೀಲರ ಮಗಳು ಸಹಲಾಳದು.

ಮಹನೀಯರೇ, ಓಟದ ಕುದುರೆಯ ಬಲವಿರುವುದೆಲ್ಲಿ? ಕಾಲಿನಲ್ಲೇ? ಅಲ್ಲ! ಗೊರಸಿನಲ್ಲೇ? ಅಲ್ಲವೇ ಅಲ್ಲ! ಹೊಟ್ಟೆಯಲ್ಲಿ! ಅಷ್ಟು ದೊಡ್ಡ ದೇಹಕ್ಕೆ ಜಠರ ಚಿಕ್ಕದು. ಒಣಹುಲ್ಲನ್ನು ದಿನವಿಡೀ ಮೆಲ್ಲುತ್ತಿರಬೇಕು, ಕಾಳು ಸ್ವಲ್ಪಸ್ವಲ್ಪವೇ ಬೀಳಬೇಕು. ಒಮ್ಮೆಲೇ ಬಾರ್ಲಿ ಸುರಿದರೆ ಅರೆಬರೆ ಜೀರ್ಣವಾಗಿ, ಕರುಳಿಗಿಳಿದು, ಹುಳಿತು ಹೊಟ್ಟೆ ಉಬ್ಬುತ್ತದೆ. ನಾವಾದರೆ ವಾಂತಿ ಮಾಡಿಕೊಂಡು ಮತ್ತೆ ಪಂಕ್ತಿಗೆ ಕೂರಬಹುದು. ಕುದುರೆಗೆ ವಾಂತಿಯ ಭಾಗ್ಯವಿಲ್ಲ! ಖಾಲಿ ಹೊಟ್ಟೆಗೆ ಭಾಷಣ ಉಣಿಸಿ, ಕೊನೆಗೆ ಪೂರಿ, ಪಲಾವು, ಹೋಳಿಗೆ ಒಟ್ಟಿಗೇ ಸುರಿಯುವ ನಮ್ಮ ಸಂಘಕ್ಕೆ ಯಾರಾದರೂ ಲಾಯ ವಹಿಸಿಕೊಟ್ಟಾರೆಯೇ?

ಆದರೂ ಕಳೆದ ಶುಕ್ರವಾರ ಏನಾಯಿತು? ಸತ್ಯನಾರಾಯಣ ಪೂಜೆ ಮುಗಿಸಿದ ಸಂಘ, ಬಸ್ಸು ಮಾಡಿಕೊಂಡು ಲಾಯಕ್ಕೇ ಬಂತು!

“ಪುರಂದರಣ್ಣ, ಬರ್ಕ್‌ಗೂ ಒಂಚೂರು ಪ್ರಸಾದ ಕೊಡುವ ಮಾರಾಯ್ರೇ, ಓಟ ಗೆಲ್ತದೆ!” ಎಂದ ನಮ್ಮ ಸುಮಿತ್. ಬೇಡವೆಂದೆ. ಅಧ್ಯಕ್ಷರು ಕಣ್ಣು ಕೆಂಪಗೆ ಮಾಡಿದರು: “ಪ್ರಸಾದ ಬೇಡ ಅಂತಾರೇನ್ರೀ? ಬೇಡ ಅಂದವರ ಗತಿ ಏನಾಯ್ತು, ಕಥೇಲಿ ಕೇಳ್ಲಿಲ್ವಾ?”

ಕೇಳಿದ್ದೆ. ಹೆದರಿ ಬದಿಗೆ ಸರಿದೆ. ಮನೆಗೊಂದು ಮುಷ್ಟಿಯಂತೆ ರವೆ, ಸಕ್ಕರೆ, ತುಪ್ಪ, ಬಾಳೆಹಣ್ಣು ಬರ್ಕ್‌ನ ಹೊಟ್ಟೆ ಸೇರಿದವು. ಬರ್ಕ್ ಎಂದರೆ ಅರಬ್ಬಿಯಲ್ಲಿ ಮಿಂಚು. ಸಂಜೆಗೆ ಆ ಮಿಂಚು ಮರಳಿನಲ್ಲಿ ಬಿದ್ದು ಹೊರಳುತ್ತಿತ್ತು! ವೈದ್ಯರು ಬಂದರು, ಜೀವ ಉಳಿಯಿತು. ಲವಲವಿಕೆ ಇನ್ನೂ ಮರಳಿಲ್ಲ.

ಇವತ್ತು ಪ್ರಯಾಣ ಮುಗಿಸಿ ಬಂದ ಕಫೀಲರು ನೋಡಿದರು. ಅವರಿಗೆ ಪ್ರಸಾದದ ಸುದ್ದಿ ಗೊತ್ತಿಲ್ಲ. “ಹೊಟ್ಟೆಗೆ ಸಾಲದೆ ಸೊರಗಿದೆ. ನಾಳೆಯಿಂದ ಬಾರ್ಲಿ ಡಬಲ್! ಶನಿವಾರ ಓಡಲೇಬೇಕು, ಯಲ್ಲಾ, ಬೇಗ!” ಎಂದರು. ಡಬಲ್ ಬಾರ್ಲಿ ಬಿದ್ದರೆ ಈ ಸಲ ಬರ್ಕ್ ಏಳುವುದಿಲ್ಲ. ಆದರೂ ರಾಜಾಧಿರಾಜ ಪುರಂದರ ಏನೆಂದ? ಕೈಕಟ್ಟಿ, “ಸರಿ ಬಾಬಾ” ಎಂದ!

ಮನೆಯಲ್ಲಿ ಹೆಂಡತಿ ಕುಸುಮಾವತಿ ಬಿಟ್ಟಾಳೆಯೇ? “ಮೈಕ್ ಇದ್ರೆ ಮಾತ್ರ ನಿಮ್ಗೆ ಸ್ವರ ಬರೂದಾ? ಆ ಮೂಕಪ್ರಾಣಿ ಸತ್ರೆ ಇವತ್ತು ಸಿಗುವ ಶಾಲು ಅದಕ್ಕೇ ಹೊದಿಸಿ!”

ಚಪ್ಪಾಳೆ ಬೇಡ, ಸ್ವಾಮೀ. ಶಾಲಿಗೆ ಋಣಿ, ಹಸಿದೂ ಎದ್ದುಹೋಗದ ನಿಮ್ಮೆಲ್ಲರಿಗೂ ತಲೆಬಾಗಿ ನಮಸ್ಕಾರ. ನಾಳೆ ಬೆಳಿಗ್ಗೆ ಬರ್ಕ್‌ನ ಮುಂದೆ ಒಣಹುಲ್ಲು ಹರಡಿ, ನೇರ ಕಫೀಲರ ಬಳಿಗೆ ಹೋಗುತ್ತೇನೆ. ಬಾರ್ಲಿ ಹೆಚ್ಚಿಸುವುದಿಲ್ಲ, ಶನಿವಾರ ಓಡಿಸಬೇಡಿ ಎನ್ನುತ್ತೇನೆ. “ಖಲಾಸ್, ಊರಿಗೆ ನಡೆ” ಎಂದರೆ ನಡೆಯುತ್ತೇನೆ. ಪ್ರಸಾದ ತಿನ್ನಿಸಿದವರು ಯಾರೆಂದು ಕೇಳಿದರೆ, ಅಧ್ಯಕ್ಷರೇ, ತಮ್ಮ ಹೆಸರನ್ನು ಅಕ್ಷರ ಬಿಡದೆ, ಈ ಹಾಲ್‌ಗೂ ಕೇಳಿಸುವಂತೆ ಹೇಳುತ್ತೇನೆ!