ಗೊಂಬೆಗೆ ಕೊಟ್ಟ ದನಿ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ನರ್ಸುಗಳು ನಿಂತಿದ್ದರು. ಹಿರಿಯಳು ಕೇಳಿದಳು:

“ನರ್ಸಿಂಗ್ ಫೆಲೋಶಿಪ್ ಬಿಡ್ತೀಯಂತೆ? ತಲೆ ಕೆಟ್ಟಿದೆಯೇನೇ?”

“ಅಲ್ಲಿ ತರಬೇತಿಗೆ ಒಂದು ಗೊಂಬೆ ಇದೆ ಸಿಸ್ಟರ್.” ರೋಗಿ ಥರ ಮಾತಾಡುತ್ತೆ.”

“ಗೊಂಬೆಗೆ ಹೆದರ್ತಾರಾ?”

“ಅದರ ದನಿ ನಮ್ಮಕ್ಕಂದು. ಹೋದ ವರ್ಷ ಅವಳೂ ಇದೇ ಫೆಲೋಶಿಪ್‌ನಲ್ಲಿ ಇದ್ದಳಲ್ಲ, ಸಾಯೋಕೆ ಮುಂಚೆ. ಆಗ ರೆಕಾರ್ಡ್ ಮಾಡಿದ್ದು.”

“ಅಯ್ಯೋ. ಏನನ್ನುತ್ತೆ?”

“‘ಉಸಿರು ಕಟ್ತಿದೆ, ಬೇಗ ಬನ್ನಿ’ ಅಂತ. ನನಗೆ ಕೈಕಾಲೇ ಆಡಲ್ಲ.”

“ಬೇರೆ ದನಿ ಹಾಕಿ ಅನ್ನು.”

“ಹಾಕ್ತೀವಿ ಅಂದ್ರು. ನಾನೇ ಬೇಡ ಅಂದೆ.”

“ಯಾಕೆ?”

“ಕೊನೇಲಿ ಅಕ್ಕ ಕಿಸಕ್ಕಂತ ನಗ್ತಾಳೆ. ಅದನ್ನ ಕತ್ತರಿಸೋಕೆ ಮರೆತಿದ್ದಾರೆ.”

ಬಸ್ ಬಂತು. ಇಬ್ಬರೂ ಮೆಟ್ಟಿಲೇರಿದರು.

“ಅಮ್ಮನಿಗೆ ಹೇಳಿದೆಯಾ?”

“ನಗು ಮಾತ್ರ ಕೇಳಿಸು ಅಂತ ಪೀಡಿಸ್ತಿದ್ದಾಳೆ. ಉಸಿರು ಕಟ್ತಿದೆ ಅನ್ನದೆ ಅದು ನಗಲ್ಲ ಸಿಸ್ಟರ್.”