ಹಿಂದುಮುಂದಾದ ಫ್ಯಾನು

ಮಾಟುಂಗದ ಬಸ್ ಕ್ಯೂನಲ್ಲಿ ಶೀಲಾವತಿಯ ಮುಂದೆ ಊರ ಕಡೆಯ ಇಬ್ಬರು ಮಾತಿಗೆ ಬಿದ್ದಿದ್ದರು. ಕಿವಿ ಮುಚ್ಚೋಣವೆಂದರೆ ಅವಳ ಎರಡೂ ಕೈಯಲ್ಲಿ ಚೀಲ.

“ಧಣಿಗಳ ಕಾರು ಈಗ ರೈಲ್ವೆ ಗೇಟಿನಲ್ಲಿ ನಿಂತರೂ ಕುದಿಯುವುದಿಲ್ಲವಂತೆ, ಹೌದಾ ಮೇಸ್ತ್ರಿಗಳೇ?”

“ಹೌದು ದೂಮಪ್ಪ. ವಯರು ಅದಲುಬದಲಾಗಿ ಫ್ಯಾನು ಹಿಂದುಮುಂದಾಗಿ ತಿರುಗ್ತಿತ್ತು. ಓಡುವಾಗ ಎದುರುಗಾಳಿ ಸಾಕಾಗ್ತದೆ, ನಿಂತರೆ ಕುದೀತದೆ. ಕಾರಿನ ಮುಂದಿನ ಜಾಲರಿಗೆ ಕಾಗದ ಹಿಡಿದೆ. ಎಳೆದುಕೊಳ್ಳುವ ಬದಲು ಊದಿ ಬಿಸಾಡಿತು.”

“ರೇಡಿಯೇಟರಿಗೆ ನೀರು ಹಾಕದ ಸೋಮಾರಿ ಡ್ರೈವರ್ ಅಂತ ನನ್ನನ್ನು ಓಡಿಸಿದರಲ್ಲ! ಫ್ಯಾನು ಕೂರಿಸಿದ್ದು ಯಾರು?”

“ನಾನೇ ಮಾರಾಯ.”

“ಧಣಿಗಳಿಗೆ ಹೇಳಿದಿರಾ?”

“ರಿಪೇರಿ ಆಯ್ತು ಅಂತ ಹೇಳಿದೆ. ಖುಷಿಯಲ್ಲಿ ನಿನ್ನ ಜಾಗಕ್ಕೆ ನನ್ನ ಭಾವನನ್ನೇ ಇಟ್ಟುಕೊಂಡರು.”

ಬಸ್ಸು ಬಂತು. ಮೇಸ್ತ್ರಿ ಹತ್ತಿ ಕೂತು, “ಬಾ, ಜಾಗ ಉಂಟು” ಎಂದು ಪಕ್ಕದ ಸೀಟು ತಟ್ಟಿದ. ದೂಮಪ್ಪ ಕ್ಯೂ ಬಿಟ್ಟು ದಾದರಿನ ಕಡೆ ನಡೆದ.

ಶೀಲಾವತಿ ಬಸ್ಸು ಹತ್ತಿ, ಆ ಖಾಲಿ ಸೀಟಿನಲ್ಲಿ ಕೂರದೆ ಚೀಲ ಹಿಡಿದುಕೊಂಡು ನಿಂತೇ ಹೋದಳು.